ಹರಿಗೋಲಿನಲ್ಲಿ ಮೀನು ಹಿಡಿಯುವ ಕ್ರಮ

ಯಾವಾಗಲೂ ಬೀಜ, ಗೊಬ್ಬರ, ಔಷಧಿ ಎಂದು ಮಾತಾಡುವ ನಾನು ಈ ದಿನ ಹರಿಗೋಲಿನ ವಿಷಯ ಎತ್ತಿಕೊಂಡಿದ್ದೇನೆ. "ಇವರಿಗೇನು ಬಂತಪ್ಪ, ಜೋಳದ ಹೊಲ ಬಿಟ್ಟು ನೀರಿಗಿಳಿದರು" ಎಂದು ತಾವು ನಗಬಹುದು. ಆದರೆ ತುಂಗಭದ್ರೆಯ ಹಿನ್ನೀರಿನ ದಂಡೆಯ ಊರುಗಳಲ್ಲಿ ಓಡಾಡಿದವನಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರುವುದಿಲ್ಲ. ಅಲ್ಲಿ ಒಂದೇ ಮನೆಯವರು ನೀರು ಇಳಿದಾಗ ಭೂಮಿ ಬಿತ್ತುತ್ತಾರೆ, ನೀರು ಏರಿದಾಗ ಬಲೆ ಬಿಡುತ್ತಾರೆ. ಹೊಲಕ್ಕೆ ನೇಗಿಲಿದ್ದ ಹಾಗೆ ನೀರಿಗೆ ಹರಿಗೋಲು. ನೇಗಿಲಿನ ವಿಷಯಕ್ಕೆ ನಮ್ಮ ಇಲಾಖೆಯಲ್ಲಿ ಎಷ್ಟೋ ಕರಪತ್ರಗಳಿವೆ. ಹರಿಗೋಲಿನ ವಿಷಯಕ್ಕೆ ನಾನು ಒಂದನ್ನೂ ಕಂಡಿಲ್ಲ. ಆದ್ದರಿಂದ ಈ ಮಾತು.

ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ನಾನು ಓದಿದ್ದು ಕೃಷಿ ಡಿಪ್ಲೊಮಾ. ಮೀನಿನ ವಿದ್ಯೆ ನನಗೆ ಪುಸ್ತಕದಿಂದ ಬಂದದ್ದಲ್ಲ, ಒಂದು ದಿನ ನೀರಿಗೆ ಬಿದ್ದು ಬಂದದ್ದು.

ಕೆಲಸಕ್ಕೆ ಸೇರಿದ ಮೊದಲ ವರ್ಷ ಬೀಜೋಪಚಾರದ ಪ್ರಾತ್ಯಕ್ಷಿಕೆಗೆಂದು ಹಿನ್ನೀರಿನ ಒಂದು ಊರಿಗೆ ಹೋಗಿದ್ದೆ. ಬಸ್ಸು ತಪ್ಪಿ ರಾತ್ರಿ ಅಲ್ಲೇ ಉಳಿದೆ. ಬೆಳಗಿನ ಜಾವ ಮನೆಯ ಅಜ್ಜನೂ ಅವರ ಸೊಸೆಯೂ ಬಲೆ ಎತ್ತಲು ಹೊರಟಾಗ "ನಾನೂ ಬರ್ತೀನಿ" ಎಂದು ಬೂಟು, ಪ್ಯಾಂಟು ಸಮೇತ ಹರಿಗೋಲು ಹತ್ತಿದೆ. ಬಲೆಯಲ್ಲಿ ದೊಡ್ಡದೊಂದು ಕಾಟ್ಲಾ ಬಿದ್ದು ಹೊರಳಾಡುತ್ತಿತ್ತು. ನೋಡುವ ಆಸೆಗೆ ಎದ್ದು ನಿಂತೆ. "ಸಾಹೇಬ್ರ, ನಿಂದರಬ್ಯಾಡ್ರಿ, ಕುಂದರ್ರಿ!" ಎಂದು ಅಜ್ಜ ಕೂಗುವಷ್ಟರಲ್ಲಿ ಅಂಚು ನೀರಿಗೆ ತಾಗಿತು, ನಾವು ಮೂವರೂ ನೀರಿನಲ್ಲಿದ್ದೆವು. ನನಗೆ ಈಜು ಅಷ್ಟಕ್ಕಷ್ಟೇ. ಬೂಟಿನೊಳಗೆ ನೀರು ತುಂಬಿ ಕಾಲು ಕಲ್ಲಿನಂತಾಯಿತು. ಆಗ ಆ ತಾಯಿ ಹರಿಗೋಲಿಗೆ ಕಟ್ಟಿದ್ದ ಎರಡು ಖಾಲಿ ಎಣ್ಣೆ ಕ್ಯಾನು ಬಿಚ್ಚಿ ನನ್ನ ಎದೆಗೆ ನೂಕಿದರು. ಅವನ್ನು ಅಪ್ಪಿಕೊಂಡು ಬದುಕಿದೆ. ಎರಡು ವರ್ಷದ ಹಿಂದೆ ಅದೇ ಮನೆಯ ಅಜ್ಜನ ತಮ್ಮ ಬಲೆಯಲ್ಲಿ ಕಾಲು ಸಿಕ್ಕಿ ಹೋಗಿದ್ದರಂತೆ. ಕ್ಯಾನು ಕಟ್ಟುವ ರೂಢಿ ಆಮೇಲೆ ಬಂದದ್ದು. ಅಜ್ಜ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಸೊಸೆ ಮಾತ್ರ ಸೀರೆ ಹಿಂಡಿಕೊಳ್ಳುತ್ತಾ, "ಬೀಜಕ್ಕ ಔಷಧ ಹಚ್ಚೋದು ಹೇಳಾಕ ಬಂದ್ರಿ, ಕುಂದ್ರೋದು ನಾವು ಹೇಳಬೇಕಾತು" ಎಂದರು. ನನ್ನ ದೆಸೆಯಿಂದ ಆ ದಿನ ಅವರ ಎರಡು ಬಲೆಯೂ ಹರಿದವು.

ಇರಲಿ. ಹರಿಗೋಲಿನ ವಿಷಯಕ್ಕೆ ಬರೋಣ.

ಕೆಲವು ಕಡೆ ಇದನ್ನು ತೆಪ್ಪ ಎನ್ನುತ್ತಾರೆ, ಕೆಲವು ಕಡೆ ಪುಟ್ಟಿ ಎನ್ನುತ್ತಾರೆ. ಇದು ಇಂದು ನಿನ್ನೆಯದಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್, ಬುಟ್ಟಿಯಂತೆ ದುಂಡಗಿದ್ದು ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಜನರು ಆನೆಗೊಂದಿಗೆ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಜನ ಹಿಡಿಸುತ್ತಿದ್ದವಂತೆ, ಕುದುರೆ ಎತ್ತುಗಳನ್ನೂ ಸಾಗಿಸುತ್ತಿದ್ದರಂತೆ. ಈಗ ಚರ್ಮ ಹೋಗಿದೆ. ಬಿದಿರಿನ ಹೆಣಿಗೆಯ ಮೇಲೆ ಪ್ಲಾಸ್ಟಿಕ್ ಚೀಲ ಅಥವಾ ತಾಡಪತ್ರಿ ಹೊದಿಸಿ ಡಾಂಬರು ಬಳಿಯುತ್ತಾರೆ. ಫೈಬರಿನ ಹರಿಗೋಲುಗಳೂ ಬಂದಿವೆ. ಅಮೆರಿಕದಲ್ಲಿ ಕಯಾಕ್ ಎಂಬ ಕಿರಿದಾದ ದೋಣಿಯಲ್ಲಿ ಒಬ್ಬನೇ ಕೂತು ಬಾಸ್ ಎಂಬ ಮೀನಿಗೆ ಗಾಳ ಹಾಕುತ್ತಾರೆ. ಆ ಕಯಾಕೂ ಮೂಲದಲ್ಲಿ ಹಿಮಪ್ರದೇಶದ ಬೇಟೆಗಾರರು ಕಡ್ಡಿಯ ಚೌಕಟ್ಟಿಗೆ ಚರ್ಮ ಬಿಗಿದು ಮಾಡಿಕೊಂಡದ್ದೇ. ಅಂದರೆ ನಮ್ಮ ಹರಿಗೋಲಿಗೆ ದೂರದ ನೆಂಟ. ಅವರದು ಉದ್ದ, ನಮ್ಮದು ದುಂಡು. ತಗ್ಗಿ ಕೂರಬೇಕೆಂಬ ನಿಯಮ ಎರಡಕ್ಕೂ ಒಂದೇ.

ಹೊಸದು ಮಾಡಿಸುವವರು ಬಿದಿರಿನ ಕಡೆ ಗಮನ ಕೊಡಿ. ಎಳೆಯ ಬಿದಿರು ಬೇಡ. ಬಲಿತದ್ದನ್ನು ಕಡಿದು ಕೆಲವು ವಾರ ನೀರಿನಲ್ಲಿ ನೆನೆಹಾಕಿ, ಆಮೇಲೆ ನೆರಳಲ್ಲಿ ಆರಿಸಿ. ನೆನೆದಾಗ ಬಿದಿರಿನೊಳಗಿನ ಹಿಟ್ಟಿನಂಶ ಕರಗಿ ಹೋಗುತ್ತದೆ, ಕುಟ್ಟೆ ಹುಳಕ್ಕೆ ಆಹಾರ ಇಲ್ಲದಂತಾಗುತ್ತದೆ. ಕೆಲಸ ಮುಗಿದ ಮೇಲೆ ಹರಿಗೋಲನ್ನು ದಂಡೆಯಲ್ಲಿ ಹಾಗೆಯೇ ಬಿಡಬಾರದು. ನೆರಳಿಗೆ ತಂದು, ಬೋರಲು ಹಾಕಿ, ಅಂಚಿನ ಕೆಳಗೆ ನಾಲ್ಕು ಕಲ್ಲು ಕೊಡಿ. ನೆಲಕ್ಕೆ ತಾಗಿದರೆ ಗೆದ್ದಲು, ಬಿಸಿಲಿಗೆ ಬಿಟ್ಟರೆ ಡಾಂಬರು ಕರಗಿ ಸೀಳು. ಒಂದು ಡಬ್ಬಿ ಡಾಂಬರು, ಒಂದಿಷ್ಟು ಹಳೆ ಬಟ್ಟೆ ಮನೆಯಲ್ಲಿ ಸದಾ ಇರಲಿ.

ಇನ್ನು ಭಾರ. "ಎಷ್ಟು ಜನ ಕೂರಬಹುದು?" ಎಂದು ಎಲ್ಲರೂ ಕೇಳುತ್ತಾರೆ. ಒಂದು ಲೆಕ್ಕ ಹೇಳುತ್ತೇನೆ. ತಳ 5 ಅಡಿ ಅಗಲ ಇರುವ ಹರಿಗೋಲು ಒಂದು ಅಂಗುಲ ಮುಳುಗಬೇಕಾದರೆ ಸುಮಾರು 45 ಕಿಲೋ ಭಾರ ಬೇಕು. ಇಬ್ಬರು ಆಳು 120 ಕಿಲೋ, ಒದ್ದೆ ಬಲೆ 25, ಮೀನು 50, ಹರಿಗೋಲಿನ ಸ್ವಂತ ಭಾರ 40 ಎಂದು ಹಿಡಿದರೂ ಐದಂಗುಲ ಮುಳುಗೀತು. ಎರಡಡಿ ಆಳದ ಹರಿಗೋಲಿಗೆ ಇದು ಏನೂ ಅಲ್ಲ. ಹಾಗಾದರೆ ಮಗುಚುವುದು ಏಕೆ? ಭಾರದಿಂದಲ್ಲ, ಭಾರ ಒಂದೇ ಪಕ್ಕಕ್ಕೆ ಸರಿಯುವುದರಿಂದ. ಕೂತವನು ನಿಂತರೆ ಭಾರ ಮೇಲಕ್ಕೆ ಹೋಗುತ್ತದೆ. ನಿಂತವನು ಬಗ್ಗಿದರೆ ಅಂಚಿನ ಹೊರಗೆ ಹೋಗುತ್ತದೆ. ನಾನು ಮಾಡಿದ್ದು ಎರಡೂ.

ಆದ್ದರಿಂದ ಇಬ್ಬರು ಹೋದಾಗ ಎದುರುಬದುರು ಕೂರಬೇಕು. ಒಬ್ಬರು ಮುಂದಿನ ಅಂಚಿನ ಹತ್ತಿರ ಮಂಡಿಯೂರಿ ಹುಟ್ಟು ಹಾಕಬೇಕು, ಇನ್ನೊಬ್ಬರು ಹಿಂದೆ. ಬಲೆಯ ರಾಶಿ ನಟ್ಟನಡುವೆ. ಒಬ್ಬರು ಒಂದು ಅಂಚಿಗೆ ವಾಲಿದರೆ ಇನ್ನೊಬ್ಬರು ಎದುರಿನ ಅಂಚಿಗೆ ಬೆನ್ನು ಕೊಡಬೇಕು. ಮೀನು ಎಷ್ಟೇ ದೊಡ್ಡದು ಬೀಳಲಿ, ಇಬ್ಬರೂ ಒಂದೇ ಕಡೆಗೆ ಬಾಗಬಾರದು. ಇದೊಂದನ್ನು ಮನೆಯ ಹುಡುಗರಿಗೆ ದಂಡೆಯ ಮೊಳಕಾಲು ನೀರಿನಲ್ಲಿ ಮೊದಲು ಕಲಿಸಿ, ಆಮೇಲೆ ಆಳಕ್ಕೆ ಕರೆದುಕೊಂಡು ಹೋಗಿ. ಹರಿಗೋಲಿಗೆ ಮುಖವೂ ಇಲ್ಲ, ಬಾಲವೂ ಇಲ್ಲ. ಒಂದೇ ಪಕ್ಕಕ್ಕೆ ಹುಟ್ಟು ಹಾಕಿದರೆ ಬೀಸುಕಲ್ಲಿನಂತೆ ತಿರುಗುತ್ತದೆ. ಹುಟ್ಟನ್ನು ಮುಂದೆ ಚಾಚಿ ನೀರನ್ನು ತಮ್ಮ ಕಡೆ ಎಳೆದುಕೊಳ್ಳಬೇಕು, ನೀರಿನಲ್ಲಿ 8 ಅಂಕಿ ಬರೆದಂತೆ ಎಡಕ್ಕೂ ಬಲಕ್ಕೂ ಆಡಿಸಬೇಕು. ಗಾಳಿಗೆ ಓಡುತ್ತಿದ್ದರೆ ಒಂದು ಬಕೆಟ್ಟಿಗೆ ಹಗ್ಗ ಕಟ್ಟಿ ಹಿಂದೆ ನೀರಿನಲ್ಲಿ ಬಿಡಿ, ಓಟ ತಗ್ಗುತ್ತದೆ.

ನಿಂತ ನೀರಿನಲ್ಲಿ ಗಾಳ ಹಾಕುವವರು ಕಲ್ಲಿನ ಲಂಗರು ಬಿಡುವುದುಂಟು. ನೀರಿನ ಆಳದ ಮೂರರಷ್ಟು ಹಗ್ಗ ಇರಲಿ, ಗಂಟು ಮಾತ್ರ ಜಾರುಗಂಟೇ ಆಗಿರಲಿ. ಒಂದೇ ಎಳೆತಕ್ಕೆ ಬಿಚ್ಚಬೇಕು. ಹರಿಯುವ ಹೊಳೆಯಲ್ಲಿ ಲಂಗರು ಬೇಡವೇ ಬೇಡ. ಸೆಳವು ಹಗ್ಗವನ್ನು ಬಿಗಿದು ಅಂಚನ್ನು ಒಳಕ್ಕೆ ಎಳೆಯುತ್ತದೆ.

ಈಗ ಬಲೆ. ಮೀನು ಯಾವ ಮಟ್ಟದಲ್ಲಿ ಮೇಯುತ್ತದೆ ಎಂಬುದನ್ನು ತಿಳಿದು ಬಲೆ ನಿಲ್ಲಿಸಬೇಕು. ಕಾಟ್ಲಾ ಮೇಲಿನ ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ. ಕಾಟ್ಲಾಕ್ಕೆ ಬೆಂಡು ಹೆಚ್ಚಾಗಿ ಕಟ್ಟಿ ಮೇಲೆ ತೇಲಿಸಿ. ತಳದ ಮೀನಿಗೆ ಸೀಸದ ಗುಂಡು ಹೆಚ್ಚಿಸಿ ಇಳಿಸಿ. ಬಲೆಯನ್ನು ಹಗ್ಗಕ್ಕೆ ಕಟ್ಟುವಾಗ ಹಲವರು ಜಿಪುಣತನ ಮಾಡುತ್ತಾರೆ. 100 ಮೀಟರ್ ಬಲೆಯನ್ನು 90 ಮೀಟರ್ ಹಗ್ಗಕ್ಕೆ ಬಿಗಿದು "ಉದ್ದ ಬಂತು" ಎಂದು ಸಂತೋಷಪಡುತ್ತಾರೆ. ಹಾಗೆ ಕಟ್ಟಿದ ಬಲೆಯ ಕಣ್ಣು ಮುಚ್ಚಿಕೊಳ್ಳುತ್ತದೆ, ಮೀನು ತಾಗಿ ಹಿಂದಕ್ಕೆ ಹೋಗುತ್ತದೆ. ಎಳೆದು ಹಿಡಿದಾಗ 100 ಮೀಟರ್ ಇರುವ ಬಲೆಯನ್ನು ಸುಮಾರು 50 ಮೀಟರ್ ಹಗ್ಗಕ್ಕೆ ಸಡಿಲವಾಗಿ ಕಟ್ಟಿದರೆ ಕಣ್ಣು ತೆರೆದು ನಿಲ್ಲುತ್ತದೆ, ಮೀನು ಕಿವಿರಿನ ತನಕ ತೂರಿ ಸಿಕ್ಕಿಕೊಳ್ಳುತ್ತದೆ.

ಕಣ್ಣಿನ ಅಳತೆಯ ಬಗ್ಗೆ ನನಗೆ ಸ್ವಲ್ಪ ಕೋಪವೇ ಇದೆ, ಹೇಳಿಬಿಡುತ್ತೇನೆ. ಸಣ್ಣ ಕಣ್ಣಿನ ಬಲೆ ಬಿಟ್ಟು ಗೇಣುದ್ದದ ಕಾಟ್ಲಾ ಮರಿಗಳನ್ನು ಬುಟ್ಟಿಗಟ್ಟಲೆ ತರುವುದನ್ನು ನೋಡಿದ್ದೇನೆ. ಸಂತೆಯಲ್ಲಿ ಅದಕ್ಕೆ ಬರುವ ಬೆಲೆ ಎಷ್ಟು? ಅದೇ ಮರಿ ಒಳ್ಳೆ ಮೇವಿನ ನೀರಿನಲ್ಲಿ ಒಂದು ವರ್ಷ ಉಳಿದರೆ ಕಿಲೋ ತೂಗಬಲ್ಲದು. ಹಾಲುಗಾಳು ಇರುವಾಗಲೇ ಜೋಳದ ತೆನೆ ಮುರಿದು ರಾಶಿ ಮಾಡುವ ರೈತ ಯಾರಾದರೂ ಉಂಟೇ? ಕೆರೆಗೆ, ಜಲಾಶಯಕ್ಕೆ ಬಿಟ್ಟ ಮರಿಯೂ ಬಿತ್ತನೆಯೇ. ಹಾಗಾಗಿ ಬಲೆ ಕೊಳ್ಳುವಾಗ ಕಣ್ಣನ್ನು ಬೆರಳಿನಿಂದ ಎಳೆದು ಅಳತೆ ನೋಡಿ, ನಿಮ್ಮ ಜಲಾಶಯಕ್ಕೆ ಎಷ್ಟು ಕಣ್ಣಿನ ಬಲೆಗೆ ಅನುಮತಿ ಎಂಬುದನ್ನು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿಕೊಂಡೇ ದುಡ್ಡು ಕೊಡಿ. ಪರವಾನಗಿಯೂ ಅಲ್ಲೇ ಆಗುತ್ತದೆ. ಕೆರೆಗಳಾದರೆ ಹೆಚ್ಚಾಗಿ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ, ಅವರನ್ನು ಕೇಳದೆ ಇಳಿಯಬೇಡಿ. ಮುಂಗಾರಿನಲ್ಲಿ ಮೀನು ಮೊಟ್ಟೆಯಿಡುವ ಕಾಲಕ್ಕೆ ಹಿಡಿಯುವುದನ್ನು ನಿಲ್ಲಿಸುತ್ತಾರೆ, ಆ ದಿನಗಳನ್ನೂ ಕೇಳಿಟ್ಟುಕೊಳ್ಳಿ. ಸಿಡಿಮದ್ದು, ವಿಷ ಹಾಕಿ ಹಿಡಿಯುವುದಂತೂ 1897ರ ಕಾಯಿದೆಯಿಂದಲೇ ಅಪರಾಧ.

ಬಲೆ ಬಿಡುವುದು ಸಂಜೆ, ಎತ್ತುವುದು ಹೊತ್ತು ಮೂಡುವ ಮೊದಲು. ಬಿಡುವಾಗ ಗಾಳಿ ಬೆನ್ನಿಗಿರಲಿ. ಹುಟ್ಟು ಹಾಕುವವರು ಮುಂದೆ, ಬಲೆ ಹಿಂದಿನ ಅಂಚಿನಿಂದ ಮಡಿಕೆ ಮಡಿಕೆಯಾಗಿ ಇಳಿಯಬೇಕು. ಎತ್ತುವಾಗ ಇದಕ್ಕೆ ವಿರುದ್ಧ. ಗಾಳಿ ಹೋಗುವ ದಿಕ್ಕಿನ ಕೊನೆಯಿಂದ ಹಿಡಿದು ಗಾಳಿಗೆ ಎದುರಾಗಿ ಮೇಲಿನ ಹಗ್ಗವನ್ನು ಎಳೆದುಕೊಳ್ಳುತ್ತಾ ಸಾಗಬೇಕು. ಆಗ ಬಲೆ ಮುಂದೆ ಬಿಗಿಯಾಗಿ ನಿಲ್ಲುತ್ತದೆ. ಗಾಳಿಯ ಕಡೆಯಿಂದ ಶುರು ಮಾಡಿದರೆ ಹರಿಗೋಲು ಬಲೆಯ ಮೇಲೇ ಏರುತ್ತದೆ, ಬಲೆ ತಳಕ್ಕೆ ಸುತ್ತಿಕೊಳ್ಳುತ್ತದೆ. ಹಿನ್ನೀರಿನಲ್ಲಿ ಮುಳುಗಿದ ಮರದ ಬೊಡ್ಡೆಗಳಿರುತ್ತವೆ. ಬಲೆ ಸಿಕ್ಕಿದರೆ ಅಂಚಿಗೆ ಬಗ್ಗಿ ಜಗ್ಗಬೇಡಿ. ಸುತ್ತು ಹಾಕಿ ಆಚೆ ಕಡೆಯಿಂದ ಮೆಲ್ಲಗೆ ಎಳೆಯಿರಿ. ಅದಕ್ಕೂ ಬರದಿದ್ದರೆ ಕೊಯ್ದು, ಎಷ್ಟು ಸಾಧ್ಯವೋ ಅಷ್ಟು ಮೇಲೆ ತನ್ನಿ. ಹಿಂದಿನ ನೂಲಿನ ಬಲೆ ನೀರಿನಲ್ಲಿ ಕೊಳೆತು ಹೋಗುತ್ತಿತ್ತು, ನೈಲಾನ್ ಕೊಳೆಯುವುದಿಲ್ಲ. ಬಿಟ್ಟು ಬಂದ ತುಂಡು ಯಾರಿಗೂ ದಕ್ಕದ ಮೀನನ್ನು ಹಿಡಿಯುತ್ತಲೇ ಇರುತ್ತದೆ, ನೀರುನಾಯಿಯನ್ನೂ ಉಸಿರುಗಟ್ಟಿಸುತ್ತದೆ. ನೀರುನಾಯಿ ಬಲೆ ಹರಿಯುತ್ತದೆ ಎಂದು ನಿಮಗೆ ಸಿಟ್ಟಿರುವುದು ನನಗೆ ಗೊತ್ತು, ಆ ಸಿಟ್ಟು ಸುಳ್ಳಲ್ಲ. ಆದರೂ ಅದನ್ನು ಕೊಲ್ಲುವುದು ಕಾನೂನಿನ ಪ್ರಕಾರ ಅಪರಾಧ, ತುಂಗಭದ್ರೆಯ ಒಂದು ಭಾಗವನ್ನು 2015ರಲ್ಲಿ ನೀರುನಾಯಿಗಳಿಗಾಗಿಯೇ ಸಂರಕ್ಷಿತ ಪ್ರದೇಶವೆಂದು ಸಾರಿದ್ದಾರೆ. ಅವು ಓಡಾಡುವ ಜಾಗದಲ್ಲಿ ರಾತ್ರಿಯೆಲ್ಲ ಬಲೆ ಬಿಡದೆ ನಿಂತು ಕಾದು ಎತ್ತುವುದೇ ಮೇಲು.

ಗಾಳದವರಿಗೂ ಎರಡು ಮಾತು. ಜೊಂಡು ಬೆಳೆದ ಕೆರೆಯಲ್ಲಿ ಕೊರವ ಮೀನಿಗೆ ಹರಿಗೋಲಿಗಿಂತ ಒಳ್ಳೆಯ ಸಾಧನವಿಲ್ಲ. ಸದ್ದಿಲ್ಲದೆ ಜೊಂಡಿನ ಸಂದಿಗೆ ನುಸುಳುತ್ತದೆ. ಹುಟ್ಟು ಅಂಚಿಗೆ ಬಡಿಯದಂತೆ ಅಲ್ಲಿಗೆ ಒಂದು ಗೋಣಿತಾಟು ಸುತ್ತಿ. ಕೊರವ ಬೇಟೆಯಾಡಿ ತಿನ್ನುವ ಮೀನು, ಎರೆಹುಳ, ಸಣ್ಣ ಮೀನು ಕಟ್ಟಿ ಜೊಂಡಿನ ಅಂಚಿಗೆ ಗಾಳ ಬಿಡಿ, ಬೆಳಿಗ್ಗೆ ಅಥವಾ ಹೊತ್ತಿಳಿದ ಮೇಲೆ. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಮುದ್ದೆಯಾಗಿ ಏಳುತ್ತಾ ಮುಳುಗುತ್ತಾ ಹೋಗುವುದನ್ನು ಕಂಡರೆ ಅದರ ಕೆಳಗೆ ತಂದೆ ತಾಯಿ ಕಾವಲಿರುತ್ತವೆಂದು ತಿಳಿಯಿರಿ. ಆಗ ಗಾಳ ಹಾಕಿದರೆ ಸುಲಭವಾಗಿ ಕಚ್ಚುತ್ತವೆ, ಅದಕ್ಕೇ ಹಾಕಬಾರದು. ಕಾವಲು ಹೋದರೆ ಆ ಮರಿಗಳೆಲ್ಲ ಒಂದೇ ದಿನದಲ್ಲಿ ಬೇರೆ ಮೀನಿನ ಹೊಟ್ಟೆಗೆ. ಕಾವೇರಿ ಕಡೆಯವರಿಗೆ ಬಿಳಿಮೀನು, ಅಂದರೆ ಮಹಶೀರ್, ಸಿಕ್ಕರೆ ದಯವಿಟ್ಟು ನೀರಿಗೆ ಬಿಡಿ. ಕಾವೇರಿಯ ಡುಬ್ಬದ ಮಹಶೀರ್ ಅಳಿವಿನ ಅಂಚಿನಲ್ಲಿದೆ ಎಂದು 2018ರಲ್ಲಿ ಜಗತ್ತಿನ ಪಟ್ಟಿಗೆ ಸೇರಿದೆ.

ಮೈಮೇಲಿನ ಉಡುಪಿಗೆ ಬರುತ್ತೇನೆ, ಇದನ್ನು ತಾಯಂದಿರು ಲಕ್ಷ್ಯಕೊಟ್ಟು ಕೇಳಬೇಕು. ಬಲೆ ಬಿಡುವಾಗ ಅಂಗಿಯ ಗುಂಡಿ, ಉಂಗುರ, ಕಾಲುಂಗುರ, ಸಡಿಲ ಸೆರಗು, ಉದ್ದ ಲುಂಗಿ, ಇವೆಲ್ಲ ಬಲೆಗೆ ಸಿಕ್ಕುವ ವಸ್ತುಗಳು. ಇಳಿಯುವ ಬಲೆ ಹಿಡಿದ ಗುಂಡಿ ಆಳನ್ನೇ ಜೊತೆಗೆ ಒಯ್ಯುತ್ತದೆ. ಗುಂಡಿಯಿಲ್ಲದ ಅಂಗಿ, ಚಡ್ಡಿ, ಬರಿಗಾಲು ಒಳ್ಳೆಯದು. ಹೆಣ್ಣುಮಕ್ಕಳು ಸೆರಗು, ನೆರಿಗೆ ಬಿಗಿಯಾಗಿ ಕಟ್ಟಿಕೊಳ್ಳಲಿ. ಬೂಟು ಬೇಡ, ಅದಕ್ಕೆ ನಾನೇ ಸಾಕ್ಷಿ. ಸೊಂಟಕ್ಕೆ ಹರಿತವಾದ ಒಂದು ಚೂರಿ ಇರಲಿ, ಮೀನು ಕೊಯ್ಯಲಿಕ್ಕಲ್ಲ, ಕಾಲಿಗೆ ಸುತ್ತಿದ ಬಲೆ ಕೊಯ್ಯಲಿಕ್ಕೆ.

ಲೈಫ್ ಜಾಕೆಟ್ ತೊಟ್ಟು ಹೋಗುವುದೇ ಸರಿ. "ನಮಗೆ ಈಜು ಬರುತ್ತೆ" ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಆ ಅಜ್ಜನ ತಮ್ಮನಿಗೂ ಬರುತ್ತಿತ್ತು. ಜಾಕೆಟ್ ಕೊಳ್ಳುವ ತನಕವಾದರೂ ಮುಚ್ಚಳ ಬಿಗಿದ 5 ಲೀಟರಿನ ಖಾಲಿ ಕ್ಯಾನುಗಳನ್ನು ಉಪಯೋಗಿಸಿ. ಒಂದು ಕ್ಯಾನು ನೀರಿನಲ್ಲಿ ಸುಮಾರು 5 ಕಿಲೋ ಭಾರ ಎತ್ತಿ ಹಿಡಿಯುತ್ತದೆ. ನೀರಿನೊಳಗಿರುವ ಆಳಿನ ತಲೆ ಮೇಲಿರಲು ಏಳು ಕಿಲೋದಷ್ಟು ಆಸರೆ ಸಾಕು. ಆದ್ದರಿಂದ ಆಳಿಗೆ ಎರಡು ಕ್ಯಾನು. ಹಿಂದಿನವರು ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದರಲ್ಲ, ಅದೇ ಉಪಾಯ. ಇವಲ್ಲದೆ ಅಂಚಿನ ಒಳಗೆ ಸುತ್ತಲೂ ಸಮ ಅಂತರದಲ್ಲಿ ನಾಲ್ಕು ಕ್ಯಾನು ಬಿಗಿಯಾಗಿ ಕಟ್ಟಿ. ನೀರು ತುಂಬಿದರೂ ಹರಿಗೋಲು ತಳಕ್ಕೆ ಹೋಗದು. ಮಗುಚಿದಾಗ ದಂಡೆ ಹತ್ತಿರವೇ ಕಂಡರೂ ಹರಿಗೋಲು ಬಿಟ್ಟು ಈಜಬೇಡಿ. ಅದನ್ನು ಹಿಡಿದುಕೊಂಡು ಕೂಗಿ. ನೀರು ಮೊಗೆಯಲು ಒಂದು ಡಬ್ಬ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಫೋನು, ಕತ್ತಲಲ್ಲಿ ಹೋಗುವವರಿಗೆ ತಲೆಗೆ ಕಟ್ಟುವ ಬ್ಯಾಟರಿ, ಇಷ್ಟು ಮರೆಯಬಾರದು.

ಗಾಳಿ ಮಳೆಯ ಲೆಕ್ಕ ರೈತರಿಗೆ ನಾನು ಹೇಳಬೇಕಾಗಿಲ್ಲ. ಆದರೂ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ನಂತರ ಪಡುವಣದಲ್ಲಿ ಮೋಡ ಕಪ್ಪಾಗಿ ತಣ್ಣನೆ ಗಾಳಿ ಮುಖಕ್ಕೆ ಬಡಿದರೆ ಬಲೆ ಹಾಗೆಯೇ ಬಿಟ್ಟು ದಂಡೆಗೆ ಬನ್ನಿ. ಬಯಲು ನೀರಿನ ನಡುವೆ ಎತ್ತರದ ವಸ್ತು ಎಂದರೆ ನೀವೇ, ಸಿಡಿಲಿಗೆ ಅಷ್ಟು ಸಾಕು. ಫೋನಿನಲ್ಲಿ 'ದಾಮಿನಿ' ಎಂಬುದನ್ನು ಹಾಕಿಸಿಕೊಂಡರೆ ಹತ್ತಿರದ ಸಿಡಿಲಿನ ಎಚ್ಚರಿಕೆ ಬರುತ್ತದೆ. ಅಣೆಕಟ್ಟಿನ ಕೆಳಗೆ ಹೊಳೆಯಲ್ಲಿ ಹಿಡಿಯುವವರು ಇನ್ನೂ ಎಚ್ಚರವಾಗಿರಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿ ಹೋಗಿ, ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಗಿ ಬಂದದ್ದನ್ನು ತಾವೆಲ್ಲ ಬಲ್ಲಿರಿ. ನೀರು ಬಿಡುವ ಡಂಗುರ, ಸೈರನ್ನು ಕೇಳಿದ ಮೇಲೆ "ಇನ್ನೊಂದು ಸಲ ಎತ್ತಿ ಬರ್ತೀನಿ" ಎನ್ನುವ ಮಾತು ಬೇಡ.

ಕೊನೆಗೆ ಹಿಡಿದ ಮೀನು. ನೀರಿನಿಂದ ತೆಗೆದ ಕೂಡಲೇ ಒದ್ದೆ ಗೋಣಿಯ ಕೆಳಗೆ ನೆರಳು ಮಾಡಿ, ಹರಿಗೋಲಿನ ತಳದ ಕೊಳಕು ನೀರಿನಲ್ಲಿ ಬಿಡಬೇಡಿ. ದಂಡೆಗೆ ಬಂದ ಮೇಲೆ ಶುದ್ಧ ನೀರಿನಲ್ಲಿ ತೊಳೆದು, ಮೀನಿನಷ್ಟೇ ತೂಕದ ಮಂಜುಗಡ್ಡೆಯನ್ನು ಪುಡಿಮಾಡಿ ಪದರ ಪದರವಾಗಿ ಹಾಕಿ. ಬಿಸಿಲಿಗೆ ಬಿಟ್ಟ ಮೀನು ಮಧ್ಯಾಹ್ನದೊಳಗೆ ಕೆಡುತ್ತದೆ, ವ್ಯಾಪಾರಿ ಕಿವಿರು ಎತ್ತಿ ನೋಡಿ ಅರ್ಧ ಬೆಲೆ ಹೇಳುತ್ತಾನೆ. ನಾಲ್ಕೈದು ಮನೆಯವರು ಕೂಡಿ ಒಂದು ಮಂಜಿನ ಪೆಟ್ಟಿಗೆ ಕೊಂಡರೆ ಅವನು ಹೇಳಿದ ಬೆಲೆಗೆ ಒಪ್ಪಲೇಬೇಕೆಂಬ ಅವಸರ ಇರುವುದಿಲ್ಲ. ಬಲೆಯನ್ನು ತೊಳೆದು ನೆರಳಲ್ಲಿ ಒಣಗಿಸಿ. ನೈಲಾನಿಗೆ ನೀರು ಏನೂ ಮಾಡದು, ಬಿಸಿಲು ದಿನದಿನಕ್ಕೂ ಅದರ ಬಲ ತಿನ್ನುತ್ತದೆ.

ಆ ಅಜ್ಜನ ಮನೆಗೆ ನಾನು ಈಗಲೂ ಹೋಗುತ್ತೇನೆ. ಹರಿಗೋಲಿಗೆ ಆರು ಕ್ಯಾನು ಕಟ್ಟಿದ್ದಾರೆ. ಎರಡು ಹೆಚ್ಚಿಗೆ ಯಾಕೆ ಎಂದು ಕೇಳಿದ್ದಕ್ಕೆ ಸೊಸೆ, "ಸಾಹೇಬ್ರು ಬಂದ್ರ ಬೇಕಲ್ರೀ" ಎಂದರು.